ಕೆಂಪು ಬೆಳಕಿನ ಚಿಕಿತ್ಸೆ: ಮನೆಬಳಕೆ, ಚರ್ಮ ಮತ್ತು ಸ್ನಾಯುಗಳ ಚೇತರಿಕೆ

ಸುಮಾರು 630ರಿಂದ 660 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕನ್ನೋ, ಕಣ್ಣಿಗೆ ಕಾಣದ 810ರಿಂದ 850 ನ್ಯಾನೊಮೀಟರ್ ಆಸುಪಾಸಿನ ಅವಕೆಂಪು ಕಿರಣವನ್ನೋ ಚರ್ಮ ಸುಡದಷ್ಟು ಮಂದವಾಗಿ ಮೈಮೇಲೆ ಬೀಳಿಸಿ, ಜೀವಕೋಶಗಳ ಕೆಲಸವನ್ನು ಚುರುಕುಗೊಳಿಸುವ ವಿಧಾನವೇ ಕೆಂಪು ಬೆಳಕಿನ ಚಿಕಿತ್ಸೆ. ವೈದ್ಯಕೀಯ ಬರಹಗಳಲ್ಲಿ ಇದಕ್ಕೆ ಫೋಟೊಬಯೊಮಾಡ್ಯುಲೇಶನ್ ಎಂಬ ಹೆಸರಿದೆ. ಆಸ್ಪತ್ರೆಯ ಲೇಸರ್ ಆಗಿ ಹುಟ್ಟಿದ ಇದು ಈಗ ಮುಖಕ್ಕೆ ಕಟ್ಟಿಕೊಳ್ಳುವ ಎಲ್‌ಇಡಿ ಮಾಸ್ಕ್, ಗೋಡೆಗೆ ತೂಗುಹಾಕುವ ಪ್ಯಾನೆಲ್, ಸೊಂಟಕ್ಕೆ ಸುತ್ತುವ ಬೆಲ್ಟ್, ತಲೆಗೆ ಹಾಕುವ ಟೋಪಿ ಹೀಗೆ ಹಲವು ರೂಪಗಳಲ್ಲಿ ಮನೆ ಸೇರಿದೆ. ಇದನ್ನು ಬೇರೆ ಬೆಳಕಿನ ಚಿಕಿತ್ಸೆಗಳ ಜೊತೆ ಬೆರೆಸಬಾರದು. ಫಿಸಿಯೊಥೆರಪಿ ಕ್ಲಿನಿಕ್ಕಿನ ಇನ್‌ಫ್ರಾರೆಡ್ ಲ್ಯಾಂಪ್ ಕೆಂಪಗೆ ಕಂಡರೂ ಅದು ಕೊಡುವುದು ಮುಖ್ಯವಾಗಿ ಕಾವು. ಹಸುಗೂಸಿನ ಕಾಮಾಲೆಗೆ ಬಳಸುವುದು ನೀಲಿ ಬೆಳಕು. ತೊನ್ನಿಗೆ ಬಳಸುವುದು 311 ನ್ಯಾನೊಮೀಟರಿನ ಅತಿನೇರಳೆ ಕಿರಣ. ಮನೆಯ ಕೆಂಪು ದೀಪದ ಬಗ್ಗೆ ಕೇಳಿಬರುವ ಮಾತುಗಳಲ್ಲಿ ಒಂದಷ್ಟು ಗಟ್ಟಿ ವಿಜ್ಞಾನವಿದೆ, ಒಂದಷ್ಟು ಬರೀ ವ್ಯಾಪಾರವಿದೆ. ಎರಡನ್ನೂ ಬೇರ್ಪಡಿಸಲು ಎರಡು ಪ್ರಶ್ನೆ ಕೇಳಿದರೆ ಸಾಕು. ಗುಣವಾಗಬೇಕಾದ ಜಾಗ ಚರ್ಮದಿಂದ ಎಷ್ಟು ಆಳದಲ್ಲಿದೆ? ಅಲ್ಲಿಗೆ ಬೀಳುವ ಬೆಳಕನ್ನು ಯಾರಾದರೂ ಅಳೆದಿದ್ದಾರೆಯೇ? ಜಾಗ ಮೇಲೆಯೇ ಇದ್ದು ಬೆಳಕಿನ ಪ್ರಮಾಣ ಗೊತ್ತಿರುವ ಕಡೆ ಪುರಾವೆ ಬಲವಾಗಿದೆ. ಜಾಗ ಆಳಕ್ಕೆ ಹೋದಷ್ಟೂ ಪ್ರಮಾಣ ಮಸುಕಾದಷ್ಟೂ ಪುರಾವೆ ತೆಳುವಾಗುತ್ತದೆ. ಇಡೀ ವಿಷಯವನ್ನು ಈ ಎರಡು ಅಳತೆಗಳಿಂದಲೇ ನೋಡಬಹುದು ಎಂಬುದು ಈ ಲೇಖನದ ನಿಲುವು.

ಬೆಳಕಿನಿಂದ ರೋಗ ವಾಸಿಮಾಡುವ ಆಧುನಿಕ ಪ್ರಯತ್ನ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ ಅವರಿಂದ ಆರಂಭವಾಯಿತು. ಚರ್ಮದ ಕ್ಷಯಕ್ಕೆ ಸಾಂದ್ರೀಕರಿಸಿದ ಬೆಳಕು ಕೊಟ್ಟ ಕೆಲಸಕ್ಕಾಗಿ 1903ರಲ್ಲಿ ಅವರಿಗೆ ನೊಬೆಲ್ ಬಂತು. ಸಿಡುಬಿನ ರೋಗಿಗಳನ್ನು ಕೆಂಪು ಬೆಳಕಿನ ಕೋಣೆಯಲ್ಲಿಟ್ಟರೆ ಕಲೆ ಉಳಿಯುವುದಿಲ್ಲ ಎಂದೂ ಅವರು 1893ರಲ್ಲಿ ಸೂಚಿಸಿದ್ದರು. ಆ ಪದ್ಧತಿ ಮಾತ್ರ ಉಳಿಯಲಿಲ್ಲ. ಮೊದಲನೆಯದರಲ್ಲಿ ರೋಗ ಚರ್ಮದಲ್ಲೇ ಇತ್ತು, ಬೆಳಕನ್ನು ಮಸೂರಗಳಿಂದ ಅಲ್ಲಿಗೇ ಗುರಿಯಿಟ್ಟು ಬಿಡಲಾಗುತ್ತಿತ್ತು. ಎರಡನೆಯದು ಇಡೀ ಮೈಗೆ ಹಬ್ಬಿದ ರೋಗಕ್ಕೆ ಕೋಣೆಯ ಪರದೆಯಿಂದ ಮಾಡಿದ ಉಪಾಯ. ಇಂದಿನ ಚಿಕಿತ್ಸೆಯ ನೇರ ಮೂಲವಿರುವುದು ಬುಡಾಪೆಸ್ಟಿನಲ್ಲಿ. ಥಿಯೊಡೋರ್ ಮೈಮನ್ 1960ರಲ್ಲಿ ಮೊದಲ ರೂಬಿ ಲೇಸರ್ ಬೆಳಗಿಸಿದ ಮೇಲೆ, ಹಂಗೆರಿಯ ವೈದ್ಯ ಎಂಡ್ರೆ ಮೆಸ್ಟರ್ 1967ರಲ್ಲಿ ಇಲಿಗಳ ಬೆನ್ನಿನ ಕೂದಲು ಬೋಳಿಸಿ 694 ನ್ಯಾನೊಮೀಟರಿನ ದುರ್ಬಲ ರೂಬಿ ಲೇಸರನ್ನು ಅಲ್ಲಿಗೆ ಬಿಟ್ಟರು. ಬೆಳಕು ತಾಗಿದ ಇಲಿಗಳಲ್ಲಿ ಕೂದಲು ಬೇಗ ಮರಳಿ ಬೆಳೆಯಿತು. ಅವರು ಮುಂದೆ ಇದೇ ಬೆಳಕನ್ನು ವಾಸಿಯಾಗದ ಹುಣ್ಣುಗಳಿಗೂ ಬಳಸಿದರು. ಲೇಸರ್ ದುಬಾರಿ, ಒಂದು ಹೊತ್ತಿಗೆ ಒಂದು ಚುಕ್ಕಿಯಷ್ಟು ಜಾಗಕ್ಕೆ ಮಾತ್ರ ಬೀಳುತ್ತದೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ನೆರವಿನಲ್ಲಿ ಗಿಡ ಬೆಳೆಸಲೆಂದು ರೂಪಿಸಿದ ಕೆಂಪು ಎಲ್‌ಇಡಿಗಳನ್ನು ವಿಸ್ಕಾನ್ಸಿನ್‌ನ ವೈದ್ಯ ಹ್ಯಾರಿ ವೇಲನ್ ಗಾಯ ಮಾಯುವುದಕ್ಕೆ ಬಳಸಿ 2001ರಲ್ಲಿ ವರದಿ ಮಾಡಿದ ನಂತರ, ಅಗಲವಾದ ಜಾಗಕ್ಕೆ ಅಗ್ಗದಲ್ಲಿ ಬೆಳಕು ಕೊಡುವ ದಾರಿ ತೆರೆಯಿತು. ಮನೆಯ ಮಾಸ್ಕ್ ಈ ಎಲ್‌ಇಡಿಗಳ ಸಂತತಿ. ಜಾಹೀರಾತುಗಳು ನಾಸಾದ ಹೆಸರು ಹೇಳುವುದೂ ಇದೇ ಕಾರಣಕ್ಕೆ. ಆದರೆ ನಾಸಾ ಯಾವ ಮಾಸ್ಕನ್ನೂ ಪರೀಕ್ಷಿಸಿ ಒಪ್ಪಿಗೆ ಕೊಡುವ ಸಂಸ್ಥೆಯಲ್ಲ.

ಬೆಳಕು ಜೀವಕೋಶದೊಳಗೆ ಏನು ಮಾಡುತ್ತದೆ ಎಂಬುದಕ್ಕೆ ಹೆಚ್ಚು ಪ್ರಚಾರದಲ್ಲಿರುವ ವಿವರಣೆ ರಷ್ಯಾದ ವಿಜ್ಞಾನಿ ಟೀನಾ ಕಾರು ಅವರದು. ಜೀವಕೋಶದ ಮೈಟೊಕಾಂಡ್ರಿಯದಲ್ಲಿ ಉಸಿರಾಟದ ಕೊನೆಯ ಹಂತವನ್ನು ನಡೆಸುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಕೆಂಪು ಮತ್ತು ಅವಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಅಂಟಿಕೊಂಡಿದ್ದ ನೈಟ್ರಿಕ್ ಆಕ್ಸೈಡ್ ಕಳಚಿಕೊಂಡು ಶಕ್ತಿಯ ಉತ್ಪಾದನೆ ಹೆಚ್ಚುತ್ತದೆ. ರಿಪೇರಿಗೆ ಬೇಕಾದ ಸಂಕೇತಗಳು ಹೊರಡುತ್ತವೆ. ಈ ವಿವರಣೆ ಅಚ್ಚುಕಟ್ಟಾಗಿದೆ, ಆದರೆ ಪೂರ್ಣವಲ್ಲ. ಈ ಕಿಣ್ವವೇ ಇಲ್ಲದಂತೆ ಮಾಡಿದ ಜೀವಕೋಶಗಳೂ 660 ನ್ಯಾನೊಮೀಟರ್ ಬೆಳಕಿಗೆ ಹೆಚ್ಚು ವೃದ್ಧಿಯಾದವೆಂದು 2019ರ ಒಂದು ಪ್ರಯೋಗ ತೋರಿಸಿತು. ಪರಿಣಾಮ ಇದೆ ಎಂಬುದು ಅದರಿಂದ ಸುಳ್ಳಾಗಲಿಲ್ಲ. ಅದು ಹುಟ್ಟುವ ದಾರಿ ಒಂದೇ ಅಲ್ಲ ಎಂದಾಯಿತು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ಪರಿಣಾಮ ಬೆಳಕು ಹೆಚ್ಚಿದಂತೆಲ್ಲ ಹೆಚ್ಚುತ್ತ ಹೋಗುವುದಿಲ್ಲ. ತೀರಾ ಕಡಿಮೆಯಾದರೆ ಏನೂ ಆಗದು, ಒಂದು ಹದದಲ್ಲಿ ಜೀವಕೋಶ ಚುರುಕಾಗುತ್ತದೆ, ಹದ ಮೀರಿದರೆ ಲಾಭ ಅಳಿಸಿಹೋಗುತ್ತದೆ ಅಥವಾ ಕೆಲಸವೇ ಕುಗ್ಗುತ್ತದೆ. ಸಾರಿಗೆ ಉಪ್ಪು ಹಾಕಿದ ಹಾಗೆ. ಆದ್ದರಿಂದ ಇದರಲ್ಲಿ ಬೆಳಕಿನ ಪ್ರಮಾಣವೇ ಔಷಧಿಯ ಡೋಸು. ಡೋಸು ಗೊತ್ತಿಲ್ಲದೆ ಬರೀ ತರಂಗಾಂತರ ಹೇಳುವುದು, ಎಷ್ಟು ಮಿಲಿಗ್ರಾಂ ಎಂದು ಹೇಳದೆ ಬರೀ ಮಾತ್ರೆಯ ಹೆಸರು ಹೇಳಿದಂತಾಗುತ್ತದೆ.

ಪುರಾವೆ ಅತ್ಯಂತ ಗಟ್ಟಿಯಾಗಿರುವ ಬಳಕೆ ಸೌಂದರ್ಯಕ್ಕೂ ಕ್ರೀಡೆಗೂ ಸೇರಿದ್ದಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಕೀಮೊಥೆರಪಿ, ರೇಡಿಯೇಶನ್ ಪಡೆಯುವ ಕ್ಯಾನ್ಸರ್ ರೋಗಿಗಳ ಬಾಯಿಯ ಒಳಪದರ ಕಿತ್ತುಹೋಗಿ, ಅನ್ನ ನುಂಗಲೂ ಆಗದಂಥ ಹುಣ್ಣುಗಳಾಗುತ್ತವೆ. ಇದನ್ನು ತಡೆಯಲು ಬಾಯಿಯೊಳಗೆ ಮಂದ ಲೇಸರ್ ಬೆಳಕು ಕೊಡುವುದನ್ನು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಮಾರ್ಗದರ್ಶಿ ಸಂಸ್ಥೆ 2018ರಲ್ಲಿ ಒಪ್ಪಿತು; ಕ್ಯಾನ್ಸರ್ ಆರೈಕೆಯ ಅಂತರರಾಷ್ಟ್ರೀಯ ತಜ್ಞರ ಸಂಘವೂ 2020ರ ಮಾರ್ಗಸೂಚಿಯಲ್ಲಿ ಕೆಲವು ರೋಗಿಗಳಿಗೆ ಇದನ್ನು ಶಿಫಾರಸು ಮಾಡಿತು. ಇಲ್ಲಿ ಬೆಳಕು ಮುಟ್ಟಬೇಕಾದ ಪದರ ಎದುರಿಗೇ ಇದೆ, ಮಧ್ಯೆ ಚರ್ಮವಾಗಲಿ ಕೊಬ್ಬಾಗಲಿ ಅಡ್ಡವಿಲ್ಲ. ತರಬೇತಿ ಪಡೆದವರು ಚುಕ್ಕಿ ಚುಕ್ಕಿಗೆ ಇಷ್ಟು ಎಂದು ಅಳೆದು ಕೊಡುತ್ತಾರೆ. ಇದೆಲ್ಲ ಬರೀ ಭ್ರಮೆ, ನಂಬಿದವರಿಗಷ್ಟೇ ಗುಣ ಎನ್ನುವ ಆಕ್ಷೇಪಕ್ಕೆ ಈ ಚಿಕಿತ್ಸೆಯೇ ಉತ್ತರ. ಆದರೆ ಇದೇ ಪುರಾವೆಯನ್ನು ಎತ್ತಿ ತಂದು ಮಲಗುವ ಕೋಣೆಯ ಪ್ಯಾನೆಲ್ಲಿಗೆ ಅಂಟಿಸುವುದು ಸಲ್ಲದು.

ಚರ್ಮದ ವಿಷಯದಲ್ಲಿ ಮನೆಯ ಬಳಕೆಗೆ ನ್ಯಾಯವಾದ ಆಧಾರವಿದೆ. ಮುಖದ ಹೊರಚರ್ಮ ಒಂದು ಮಿಲಿಮೀಟರಿನ ಹತ್ತನೇ ಒಂದರಷ್ಟು ತೆಳು. ಅದರ ಕೆಳಗೆ ಒಂದೆರಡು ಮಿಲಿಮೀಟರಿನೊಳಗೆ ಚರ್ಮಕ್ಕೆ ಬಿಗುವು ಕೊಡುವ ಕೊಲಾಜೆನ್ ಎಂಬ ನಾರನ್ನು ನೇಯುವ ಜೀವಕೋಶಗಳಿವೆ. ಕೆಂಪು ಬೆಳಕು ಅಷ್ಟು ದೂರ ನಿರಾಯಾಸವಾಗಿ ಇಳಿಯುತ್ತದೆ. ಕೊರಿಯಾದಲ್ಲಿ 76 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗ ಈ ವಿಷಯದಲ್ಲಿ ಹತ್ತಿರದಿಂದ ನೋಡಲು ತಕ್ಕದ್ದು. ಪ್ರತಿಯೊಬ್ಬರ ಅರ್ಧ ಮುಖಕ್ಕೆ ಮಾತ್ರ ಬೆಳಕು, ಉಳಿದರ್ಧ ಹೋಲಿಕೆಗೆ. ಒಂದು ಗುಂಪಿಗೆ 830 ನ್ಯಾನೊಮೀಟರ್, ಇನ್ನೊಂದಕ್ಕೆ 633, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಹುಸಿ ಚಿಕಿತ್ಸೆ. ವಾರಕ್ಕೆರಡು ಸಲದಂತೆ ನಾಲ್ಕು ವಾರ ನಡೆಸಿ ಅಳೆದಾಗ ಸುಕ್ಕು ಗರಿಷ್ಠ ಶೇ 36ರಷ್ಟು ಇಳಿದಿತ್ತು, ಚರ್ಮದ ಸ್ಥಿತಿಸ್ಥಾಪಕತ್ವ ಗರಿಷ್ಠ ಶೇ 19ರಷ್ಟು ಏರಿತ್ತು. ಆದರೆ ಅಲ್ಲಿ ಬಳಸಿದ ಕೆಂಪು ಬೆಳಕು ಪ್ರತಿ ಚದರ ಸೆಂಟಿಮೀಟರಿಗೆ 105 ಮಿಲಿವಾಟ್, ಅವಧಿ 20 ನಿಮಿಷ. ಲೆಕ್ಕ ಹಾಕಿದರೆ ಒಂದು ಸಲಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 126 ಜೂಲ್. ಮನೆಯ ಮಾಸ್ಕ್ 30 ಮಿಲಿವಾಟಿನದಾಗಿದ್ದು ಹತ್ತು ನಿಮಿಷ ಹಾಕಿಕೊಂಡರೆ ಸಿಗುವುದು 18 ಜೂಲ್, ಅಂದರೆ ಏಳನೇ ಒಂದು ಭಾಗ. ಇನ್ನೊಂದು ಕಡೆ, ಜರ್ಮನಿಯಲ್ಲಿ 136 ಜನರನ್ನು ಸೇರಿಸಿಕೊಂಡು ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಸುಮಾರು 9 ಜೂಲಿನ ಕೆಂಪು ಬೆಳಕನ್ನು ವಾರಕ್ಕೆರಡು ಸಲದಂತೆ 30 ಬಾರಿ ಕೊಟ್ಟು, ಕೊಲಾಜೆನ್ ಸಾಂದ್ರತೆ ಹೆಚ್ಚಿತೆಂದು ಅಲ್ಟ್ರಾಸೌಂಡಿನಿಂದ ತೋರಿಸಿತು. ಅದರಲ್ಲಿ ಹೋಲಿಕೆಯ ಗುಂಪಿಗೆ ಹುಸಿ ದೀಪವನ್ನೂ ಕೊಟ್ಟಿರಲಿಲ್ಲ. ತಮಗೆ ಚಿಕಿತ್ಸೆ ಸಿಗುತ್ತಿದೆಯೋ ಇಲ್ಲವೋ ಎಂಬುದು ಎಲ್ಲರಿಗೂ ಗೊತ್ತಿತ್ತು. ಹದಿನಾಲ್ಕು ಪಟ್ಟು ಅಂತರವಿರುವ ಎರಡು ಡೋಸುಗಳೂ ಫಲ ಕೊಟ್ಟವು ಎಂದರೆ, ಸುಕ್ಕಿನ ಮಟ್ಟಿಗೆ ಸರಿಯಾದ ಹದ ಯಾವುದೆಂದು ಇನ್ನೂ ನಿಂತಿಲ್ಲ ಎಂದೇ ತಿಳಿಯಬೇಕು.

ಇದೇ ಮುಖದ ಮೇಲೆ ಬೇರೆ ಉಪಾಯಗಳು ಎಷ್ಟು ಕೆಲಸ ಮಾಡುತ್ತವೆ ಎಂಬ ಹೋಲಿಕೆಯೂ ಬೇಕು. ಆಸ್ಟ್ರೇಲಿಯಾದ ನ್ಯಾಂಬರ್ ಊರಿನಲ್ಲಿ 903 ವಯಸ್ಕರನ್ನು ನಾಲ್ಕೂವರೆ ವರ್ಷ ಹಿಂಬಾಲಿಸಿದ ಪ್ರಯೋಗದಲ್ಲಿ, ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಮುಪ್ಪಾಗುವುದು ಶೇ 24ರಷ್ಟು ಕಡಿಮೆಯಾಗಿತ್ತು. ಕೆಲವೇ ವಾರ ನಡೆದ ಯಾವ ಬೆಳಕಿನ ಪ್ರಯೋಗವೂ ಈ ತೂಕಕ್ಕೆ ಬರುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಸನ್‌ಸ್ಕ್ರೀನ್ ಇಲ್ಲದೆ ಓಡಾಡಿ ರಾತ್ರಿ ಮಾಸ್ಕ್ ಹಾಕಿಕೊಳ್ಳುವುದು ಸೋರುವ ಕೊಡಕ್ಕೆ ನೀರು ಹೊಯ್ಯುವ ಕೆಲಸ. ಮೊಡವೆಯ ಕಥೆ ಸ್ವಲ್ಪ ಭಿನ್ನ. ಅಲ್ಲಿ ನೀಲಿಯೂ ಕೆಂಪೂ ಕೂಡಿದ ಬೆಳಕು ಒಂಟಿ ಬಣ್ಣಕ್ಕಿಂತ ಮೇಲು. ಬ್ರಿಟನ್ನಿನಲ್ಲಿ 107 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ 415 ಮತ್ತು 660 ನ್ಯಾನೊಮೀಟರ್ ಬೆಳಕನ್ನು ದಿನಕ್ಕೆ 15 ನಿಮಿಷದಂತೆ 12 ವಾರ ಕೊಟ್ಟಾಗ ಉರಿಯೂತದ ಮೊಡವೆಗಳು ಸರಾಸರಿ ಶೇ 76ರಷ್ಟು ತಗ್ಗಿದವು. ಆದರೆ ಮೊಡವೆಗೆ ನೀಡುವ ಎಲ್ಲ ಬಗೆಯ ಬೆಳಕಿನ ಚಿಕಿತ್ಸೆಗಳನ್ನು 2016ರಲ್ಲಿ ಒಟ್ಟಾಗಿ ಪರಿಶೀಲಿಸಿದ, ವೈದ್ಯಕೀಯ ಪುರಾವೆಗಳನ್ನು ಒರೆಹಚ್ಚುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಗೆ ಗಟ್ಟಿ ತೀರ್ಮಾನ ಕೊಡಲು ಆಗಲಿಲ್ಲ, ಅಧ್ಯಯನಗಳ ಗುಣಮಟ್ಟ ಅಷ್ಟಕ್ಕಷ್ಟೇ ಇತ್ತು. ತಲೆಕೂದಲಿನ ಬುಡಗಳೂ ಚರ್ಮದ ಕೆಲವೇ ಮಿಲಿಮೀಟರ್ ಕೆಳಗಿರುವುದರಿಂದ ಅಲ್ಲಿಯೂ ಬೆಳಕು ತಲುಪುತ್ತದೆ; ಗಂಡಸರ ಬಕ್ಕತನಕ್ಕೆಂದು ಒಂದು ಲೇಸರ್ ಬಾಚಣಿಗೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2007ರಲ್ಲೇ ಮಾರಾಟದ ಅನುಮತಿ ಕೊಟ್ಟಿದೆ.

ಸ್ನಾಯುಗಳ ಚೇತರಿಕೆಗೆ ಬಂದಾಗ ಆಳದ ಪ್ರಶ್ನೆ ದೊಡ್ಡದಾಗುತ್ತದೆ. ತೊಡೆಯ ಸ್ನಾಯುವನ್ನು ಮುಟ್ಟಬೇಕಾದರೆ ಬೆಳಕು ಚರ್ಮ ದಾಟಬೇಕು, ಚರ್ಮದಡಿಯ ಕೊಬ್ಬು ದಾಟಬೇಕು, ದಾರಿಯಲ್ಲಿ ಹರಿಯುವ ರಕ್ತವನ್ನೂ ದಾಟಬೇಕು. ಕೆಂಪಿಗಿಂತ ಅವಕೆಂಪು ಆಳಕ್ಕೆ ಹೋಗುತ್ತದೆ ನಿಜ, ಆದರೆ ಅದೂ ಒಂದು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಬಹುಪಾಲು ಹೀರಿಹೋಗಿರುತ್ತದೆ ಅಥವಾ ಚದುರಿರುತ್ತದೆ. ಕ್ಲಿನಿಕ್ಕಿನಲ್ಲಿ ಲೇಸರ್ ತುದಿಯನ್ನು ಚರ್ಮಕ್ಕೆ ಒತ್ತಿ ಹಿಡಿಯುವುದಕ್ಕೆ ಕಾರಣವಿದೆ. ಒತ್ತಿದಾಗ ಬೆಳಕು ಚರ್ಮದಿಂದ ಪುಟಿದು ಹೋಗುವುದಿಲ್ಲ, ಅಲ್ಲಿಯ ರಕ್ತ ಪಕ್ಕಕ್ಕೆ ಸರಿಯುತ್ತದೆ, ಅಂಗಾಂಶ ತೆಳುವಾಗುತ್ತದೆ. ಒಂದಡಿ ದೂರದಲ್ಲಿ ನಿಂತ ಪ್ಯಾನೆಲ್ಲಿಗೆ ಈ ಯಾವ ಅನುಕೂಲವೂ ಇಲ್ಲ. ಬ್ರೆಜಿಲ್ಲಿನ ಎರ್ನೆಸ್ಟೊ ಲೀಲ್ ಜೂನಿಯರ್ ಮುಂತಾದವರು ಆಟಗಾರರ ಮೇಲೆ ನಡೆಸಿದ ಪ್ರಯೋಗಗಳಲ್ಲಿ ವ್ಯಾಯಾಮಕ್ಕೆ ಮೊದಲು ಸ್ನಾಯುವಿನ ಹಲವು ಬಿಂದುಗಳಿಗೆ ತಾಗಿಸಿ ಬೆಳಕು ಕೊಟ್ಟಾಗ ದಣಿವು ತಡವಾಗಿ ಬಂದದ್ದೂ ಸ್ನಾಯು ಹಾನಿಯ ಸೂಚಕಗಳು ಕಡಿಮೆಯಾದದ್ದೂ ಕಂಡಿವೆ. ಇಲ್ಲಿ "ಮೊದಲು" ಎಂಬುದೂ "ತಾಗಿಸಿ" ಎಂಬುದೂ ಮುಖ್ಯ. ಮನೆಯಲ್ಲಿ ಹೆಚ್ಚಿನವರು ಮಾಡುವುದು ಇದಕ್ಕೆ ತಿರುಗುಮುರುಗು: ಜಿಮ್ ಮುಗಿಸಿ ಬಂದು, ಮೈ ನೋಯುತ್ತಿರುವಾಗ, ಪ್ಯಾನೆಲ್ಲಿನಿಂದ ದೂರದಲ್ಲಿ ಕೂರುತ್ತಾರೆ. ಆ ಪ್ರಯೋಗಗಳ ಫಲವನ್ನು ಈ ಅಭ್ಯಾಸಕ್ಕೆ ಹೊಂದಿಸಲು ಬರುವುದಿಲ್ಲ. ಕತ್ತು ನೋವಿಗೆ ಸಂಬಂಧಿಸಿದ 16 ಪ್ರಯೋಗಗಳನ್ನು, ಒಟ್ಟು 820 ರೋಗಿಗಳನ್ನು ಒಳಗೊಂಡ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2009ರ ವಿಮರ್ಶೆ ಮಂದ ಲೇಸರಿನಿಂದ ನೋವು ಇಳಿಯಿತೆಂದೂ ಹಳೆಯ ನೋವಿನವರಲ್ಲಿ ಆ ಉಪಶಮನ 22 ವಾರಗಳವರೆಗೂ ಉಳಿಯಿತೆಂದೂ ಹೇಳಿತು. ಅದು ಕೂಡ ಲೇಸರಿನ ಮಾತು, ನೋವಿನ ಬಿಂದು ಹುಡುಕಿ ಕೊಟ್ಟದ್ದು. ಮನೆಯ ಬೆಲ್ಟ್ ಕಟ್ಟಿಕೊಂಡಾಗ ಹಾಯೆನಿಸಿದರೆ ಅದರಲ್ಲಿ ಒಂದು ಪಾಲು ಬರೀ ಕಾವಿನದ್ದಿರಬಹುದು. ಕಾವೂ ಒಳ್ಳೆಯದೇ; ಆದರೆ ಅದಕ್ಕೆ ಬಿಸಿನೀರಿನ ಚೀಲ ಸಾಕು.

ಹಾಗಾದರೆ ಕೊಳ್ಳುವವರು ನೋಡಬೇಕಾದದ್ದೇನು? ಪೆಟ್ಟಿಗೆಯ ಮೇಲೆ ಎಲ್‌ಇಡಿಗಳ ಸಂಖ್ಯೆ, ಒಟ್ಟು ವಾಟ್, ಬಣ್ಣಗಳ ಎಣಿಕೆ ದೊಡ್ಡದಾಗಿ ಇರುತ್ತವೆ. ಇವುಗಳಿಂದ ಡೋಸು ತಿಳಿಯುವುದಿಲ್ಲ. ಬೇಕಾದದ್ದು ತರಂಗಾಂತರ, ಎಷ್ಟು ದೂರದಲ್ಲಿ ಅಳೆದದ್ದೆಂಬ ವಿವರ, ಅಷ್ಟು ದೂರದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಮಿಲಿವಾಟ್. ಮಿಲಿವಾಟನ್ನು ಸೆಕೆಂಡುಗಳಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಜೂಲ್ ಸಿಗುತ್ತದೆ, ಶಾಲೆಯ ಲೆಕ್ಕ. ಸೌರಫಲಕಕ್ಕೆಂದು ಮಾಡಿದ ಅಗ್ಗದ ಮೀಟರಿನಿಂದ ಅಳೆದ ಅಂಕಿಗಳು ನಿಜಕ್ಕಿಂತ ಹೆಚ್ಚು ತೋರಿಸುತ್ತವೆ. ಆ ಮೀಟರ್ ಸೂರ್ಯನ ಹಲವು ಬಣ್ಣದ ಬೆಳಕಿಗೆ ಹೊಂದಿಸಿದ್ದು, ಒಂದೇ ಬಣ್ಣದ ಎಲ್‌ಇಡಿಗೆ ಅಲ್ಲ. ಮಾಸ್ಕಿನಲ್ಲಿ ಮತ್ತೊಂದು ತೊಡಕಿದೆ. ದೀಪಗಳು ಚುಕ್ಕಿಗಳಾಗಿರುವುದರಿಂದ ಗಡುಸು ಮಾಸ್ಕ್ ಮೂಗಿನ ತುದಿಗೂ ಕೆನ್ನೆಯ ಮೂಳೆಗೂ ತಾಗಿ ಕೆಳದವಡೆಯಿಂದ ದೂರವುಳಿದರೆ, ಒಂದೇ ಮುಖದ ಎರಡು ಜಾಗಗಳಿಗೆ ಎರಡು ಡೋಸು ಬೀಳುತ್ತದೆ. ಇಷ್ಟೆಲ್ಲ ಯಾಕೆ, ಬಿಸಿಲಿನಲ್ಲೇ ಕೆಂಪು ಬೆಳಕಿಲ್ಲವೇ ಎಂಬ ಪ್ರಶ್ನೆ ಸಹಜ. ಇದೆ. ನಡುಹಗಲಿನ ನಿಚ್ಚಳ ಬಿಸಿಲಿನಲ್ಲಿ 600ರಿಂದ 700 ನ್ಯಾನೊಮೀಟರ್ ಭಾಗವೊಂದರಿಂದಲೇ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 14 ಮಿಲಿವಾಟ್ ಬೀಳುತ್ತದೆ. ಹತ್ತು ನಿಮಿಷಕ್ಕೆ 8 ಜೂಲಿನ ಮೇಲೆ. ಆದರೆ ಅದರ ಜೊತೆಗೇ ಕೊಲಾಜೆನ್ನನ್ನು ಕಡಿಯುವ ಅತಿನೇರಳೆಯೂ ಬರುತ್ತದೆ. ಕೆಂಪನ್ನು ಮಾತ್ರ ಬೇರ್ಪಡಿಸಿ ಕೊಡುವುದೇ ಎಲ್‌ಇಡಿಯ ಸಾರ್ಥಕತೆ.

ಕಂದು ಮೈಬಣ್ಣದ ಓದುಗರು ಈ ವಿಷಯದಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು, ಏಕೆಂದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೆಂಪು ಬೆಳಕನ್ನೂ ಹೀರುತ್ತದೆ. ಅಮೆರಿಕದ ಜ್ಯಾರೆಡ್ ಜಾಗ್ದಿಯೊ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಸುರಕ್ಷತಾ ಪ್ರಯೋಗಗಳಲ್ಲಿ ಬಿಳಿಯ ಚರ್ಮ ಒಂದು ಸಲಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 480 ಜೂಲ್ ತಾಳಿಕೊಂಡರೆ, ಗಾಢ ಬಣ್ಣದ ಚರ್ಮ ತಾಳಿದ್ದು 320. ಮನೆಯ ಮಾಸ್ಕ್ ಕೊಡುವುದು ಇದರ ಹತ್ತಿರಕ್ಕೂ ಬರುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೂ ಯುರೋಪಿನ ಬಿಳಿಯರಿಗೆಂದು ಬರೆದ ಕೈಪಿಡಿಯನ್ನು ಇಲ್ಲಿನ ಚರ್ಮಕ್ಕೆ ಕಣ್ಣುಮುಚ್ಚಿ ಅನ್ವಯಿಸಬಾರದು. ಬಂಗು ಇರುವವರಿಗೆ ಇನ್ನೊಂದು ಮಾತು. 2014ರ ಒಂದು ಪ್ರಯೋಗದಲ್ಲಿ 415 ನ್ಯಾನೊಮೀಟರಿನ ನೀಲಿ ನೇರಳೆ ಬೆಳಕು ಚರ್ಮವನ್ನು ಕಪ್ಪಾಗಿಸಿತು, 630ರ ಕೆಂಪು ಹಾಗೆ ಮಾಡಲಿಲ್ಲ. ಹಾಗಾಗಿ ಏಳು ಬಣ್ಣದ ಮಾಸ್ಕ್ ಕೊಂಡು ಸಿಕ್ಕ ಬಣ್ಣ ಒತ್ತುವುದು ಬಂಗಿನವರಿಗೆ ಹಾನಿ. ಕೆಂಪಿನಲ್ಲೂ ಮುಖ ಬಿಸಿಯಾಗುವಷ್ಟು ಹೊತ್ತು ಕೂರಬಾರದು, ಕಾವಿಗೂ ಬಂಗು ಕೆರಳುತ್ತದೆ.

ಫಲ ಸಿಕ್ಕರೆ ಸಿಗಲಿ, ಹಾನಿಯಂತೂ ಇಲ್ಲವಲ್ಲ ಎಂಬ ವಾದ ಹೆಚ್ಚು ಕೇಳಿಬರುತ್ತದೆ. ಬೆಳಕಿನ ಮಟ್ಟಿಗೆ ಅದರಲ್ಲಿ ಹುರುಳಿದೆ: ಈ ತರಂಗಾಂತರಗಳು ಅತಿನೇರಳೆಯ ಹಾಗೆ ಡಿಎನ್‌ಎ ಕೆಡಿಸುವುದಿಲ್ಲ. ಅಪಾಯ ಬರುವುದು ಬಳಸುವ ಸಂದರ್ಭದಿಂದ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ಮನೆಯಲ್ಲೇ ಕೆಂಪು ದೀಪ ಹಿಡಿಯುತ್ತ ವಾರಗಳನ್ನು ಕಳೆದರೆ, ಸ್ಪರ್ಶವಿಲ್ಲದ ಆ ಪಾದದಲ್ಲಿ ಸೋಂಕು ಮೂಳೆಯವರೆಗೆ ಇಳಿದಿರಬಹುದು. ಬಣ್ಣ, ಅಂಚು, ಗಾತ್ರ ಬದಲಾಗುತ್ತಿರುವ ಮಚ್ಚೆಯ ಮೇಲೆ ಬೆಳಕು ಬಿಡುವ ಮೊದಲು ಅದನ್ನು ಚರ್ಮವೈದ್ಯರು ನೋಡಬೇಕು. ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುವ ಔಷಧಿಗಳಿವೆ. ಅಂಥದೊಂದಾದ ಅಮಿನೊಲೆವುಲಿನಿಕ್ ಆಮ್ಲ ಹಚ್ಚಿದ ಚರ್ಮಕ್ಕೆ 635 ನ್ಯಾನೊಮೀಟರಿನ ಕೆಂಪು ಬೆಳಕು ಬಿಟ್ಟು ಕೆಟ್ಟ ಜೀವಕೋಶಗಳನ್ನು ಸಾಯಿಸುವುದು ಚರ್ಮವೈದ್ಯರ ರೂಢಿಯ ಚಿಕಿತ್ಸೆಗಳಲ್ಲಿ ಒಂದು. ಅದೇ ಬೆಳಕು, ಫಲ ತದ್ವಿರುದ್ಧ. ಅಮೆರಿಕದ ಅನುಮತಿ ಪಡೆದದ್ದೆಂಬ ಮುದ್ರೆ ನೋಡಿ ಮರುಳಾಗಬೇಕಿಲ್ಲ. ಇಂಥ ಉಪಕರಣಗಳಿಗೆ ಸಾಮಾನ್ಯವಾಗಿ ಸಿಗುವುದು, ಈಗಾಗಲೇ ಮಾರುಕಟ್ಟೆಯಲ್ಲಿರುವ ಇನ್ನೊಂದಕ್ಕೆ ಇದು ಸಮಾನವಾಗಿದೆ ಎಂಬ ನೆಲೆಯ ಅನುಮತಿ. ಭಾರತದಲ್ಲಿ 2017ರ ವೈದ್ಯಕೀಯ ಉಪಕರಣ ನಿಯಮಗಳಿವೆ, 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಕಾನೂನಿನ ವ್ಯಾಪ್ತಿಗೆ ಬಂದಿವೆ. ಆದರೆ ಒಂದು ವಸ್ತು ವೈದ್ಯಕೀಯ ಉಪಕರಣ ಹೌದೋ ಅಲ್ಲವೋ ಎಂಬುದು ತಯಾರಕರು ಅದನ್ನು ಯಾವ ಉದ್ದೇಶಕ್ಕೆಂದು ಹೇಳಿಕೊಳ್ಳುತ್ತಾರೆ ಎಂಬುದನ್ನು ಅವಲಂಬಿಸಿದೆ.

ಮನೆಬಳಕೆಯಲ್ಲಿ ಅತಿ ಹೆಚ್ಚು ಜೋಪಾನ ಬೇಕಾದದ್ದು ಕಣ್ಣು. 2019ರ ಜುಲೈನಲ್ಲಿ ನ್ಯೂಟ್ರೊಜೀನಾ ಕಂಪನಿ ನೀಲಿ ಕೆಂಪು ಬೆಳಕಿನ ತನ್ನ ಮೊಡವೆ ಮಾಸ್ಕನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಕೆಲವು ಕಣ್ಣಿನ ತೊಂದರೆಗಳಿರುವವರಿಗೂ ಬೆಳಕಿಗೆ ಸೂಕ್ಷ್ಮತೆ ತರುವ ಔಷಧಿ ಸೇವಿಸುವವರಿಗೂ ಅದರಿಂದ ಕಣ್ಣಿಗೆ ಹಾನಿಯಾಗಬಹುದೆಂಬ ಆತಂಕ ಅದಕ್ಕೆ ಕಾರಣ. ಚೀನಾದಲ್ಲಿ ಮಕ್ಕಳ ಸಮೀಪದೃಷ್ಟಿ ಹೆಚ್ಚದಂತೆ ತಡೆಯಲು 650 ನ್ಯಾನೊಮೀಟರಿನ ಬೆಳಕನ್ನು ದಿನಕ್ಕೆರಡು ಸಲ ಮೂರು ಮೂರು ನಿಮಿಷ ನೇರವಾಗಿ ನೋಡಿಸುವ ಉಪಕರಣ ಬಂತು. 264 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗ ಅದರಿಂದ ಪ್ರಯೋಜನವಾಯಿತೆಂದು ತೋರಿಸಿತು. ಮರುವರ್ಷವೇ, ಅದನ್ನು ಬಳಸುತ್ತಿದ್ದ ಹನ್ನೆರಡರ ಹುಡುಗಿಯೊಬ್ಬಳ ಅಕ್ಷಿಪಟಲಕ್ಕೆ ಹಾನಿಯಾದ ವರದಿ ಬಂತು. 2024ರ ಜುಲೈನಿಂದ ಚೀನಾ ಈ ಉಪಕರಣಗಳನ್ನು ಅತ್ಯಂತ ಕಟ್ಟುನಿಟ್ಟಿನ ಮೂರನೇ ವರ್ಗಕ್ಕೆ ಸೇರಿಸಿತು. ಮಾಸ್ಕ್ ಅಥವಾ ಪ್ಯಾನೆಲ್ ಬಳಸುವಾಗ ಬೆಳಕು ಒಳಬಿಡದ ಕನ್ನಡಕ ಹಾಕಿಕೊಳ್ಳುವುದು ಅಗತ್ಯ. ಅವಕೆಂಪು ಕಣ್ಣಿಗೆ ಕಾಣುವುದೇ ಇಲ್ಲವಾದ್ದರಿಂದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆಂದು ನಂಬಲಾಗದು. ಅಳೆದು ಕೊಟ್ಟರೆ ಕಣ್ಣಿಗೂ ಈ ಬೆಳಕಿನ ಬಳಕೆಯುಂಟು: ಅದೇ 2024ರ ನವೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಇಳಿವಯಸ್ಸಿನ ಅಕ್ಷಿಪಟಲ ಸವೆತದ ಒಣ ಬಗೆಗೆ 590, 660 ಮತ್ತು 850 ನ್ಯಾನೊಮೀಟರ್ ಬೆಳಕು ಕೊಡುವ ಉಪಕರಣವೊಂದಕ್ಕೆ ಅನುಮತಿ ನೀಡಿತು. ಅದನ್ನು ಕಣ್ಣಿನ ವೈದ್ಯರ ಕ್ಲಿನಿಕ್ಕಿನಲ್ಲಿ ಮೂರರಿಂದ ಐದು ವಾರದೊಳಗೆ ಒಂಬತ್ತು ಸಲ ಕೊಡುತ್ತಾರೆ, ನಾಲ್ಕು ತಿಂಗಳಿಗೊಮ್ಮೆ ಮತ್ತೆ ಅಷ್ಟೇ ಸಲ.